ಬಾಣಲೆಯಲ್ಲಿ ಬೆಂದ ದೃಷ್ಟಿಬೊಂಬೆ

ನಮ್ಮ ಮಿಕ್ಸಿಗೆ ಮೂರು ಜಾರ್‌ಗಳು. ದೊಡ್ಡದರಲ್ಲಿ ದೋಸೆಹಿಟ್ಟು, ಚಿಕ್ಕದರಲ್ಲಿ ಚಟ್ನಿ. ನಡುವಿನದು ಮಾತ್ರ ಕಟ್ಟೆಯ ಮೇಲೆ ಕೂರುವ ಯೋಗ್ಯತೆ ಕಳೆದುಕೊಂಡು ಸಿಂಕಿನ ಕೆಳಗೆ, ನೆಲ ಒರೆಸುವ ಬಟ್ಟೆಯ ನೆರೆಯಲ್ಲಿ ವಾಸವಾಗಿದೆ. ಅದರ ಮೇಲೆ ನನ್ನ ಹೆಂಡತಿ ಸುಧಾ ಕಪ್ಪು ಮಾರ್ಕರಿನಲ್ಲಿ ‘ಅಡುಗೆಗೆ ಅಲ್ಲ’ ಎಂದು ಬರೆದಿಟ್ಟಿದ್ದಾಳೆ. ಊಟಕ್ಕೆ ಬಂದವರು ಯಾರಾದರೂ ಪಾತ್ರೆ ತೊಳೆಯುವ ಸೋಪಿಗೆಂದು ಬಗ್ಗಿ ಅದನ್ನು ನೋಡಿದರೆ, ‘ಮತ್ತೆ ಇದರಲ್ಲಿ ಏನ್ ಮಾಡ್ತೀರಿ?’ ಎಂದು ಕೇಳದೆ ಇರುವುದಿಲ್ಲ. ಸುಧಾ ನನ್ನ ಕಡೆ ಗದ್ದ ಎತ್ತಿ, ‘ಅವರನ್ನೇ ಕೇಳಿ. ಅದರಲ್ಲಿ ಮುಖ ರುಬ್ಬಿದಾರೆ’ ಎನ್ನುತ್ತಾಳೆ.

ಬಂದವರು ಒಂದು ಕ್ಷಣ ನನ್ನ ಮುಖವನ್ನೇ ನೋಡುತ್ತಾರೆ. ಅದು ಇದ್ದಲ್ಲೇ ಇರುವುದನ್ನು ಕಂಡು ಸಮಾಧಾನಗೊಳ್ಳುತ್ತಾರೆ. ಅಲ್ಲಿಗೆ ನಾನು ಕಥೆ ಹೇಳಲೇಬೇಕಾಗುತ್ತದೆ. ನೀವು ಜಾರ್ ನೋಡಿಲ್ಲ, ಕೇಳಿಯೂ ಇಲ್ಲ. ಆದರೂ ಹೇಳುತ್ತೇನೆ, ಕೂತುಕೊಳ್ಳಿ.

ಕಳೆದ ವರ್ಷ ಜೂನ್ ರಜೆಯಲ್ಲಿ ನಾವು ಸಿಂಗಪುರದಲ್ಲೇ ಬೆಡೋಕ್‌ನಿಂದ ಸೆಂಗ್‌ಕಾಂಗ್‌ಗೆ ಶಿಫ್ಟ್ ಆದೆವು. ನನಗೂ ಸುಧಾಗೂ ಅದು ಮನೆ ಬದಲಾಯಿಸಿದ್ದು ಅಷ್ಟೇ. ಹಳೆಯ ಮನೆಯ ಪರದೆ ಹೊಸ ಕಿಟಕಿಗೆ ಗಿಡ್ಡವಾಯಿತು, ಮೀನು ಮಾರ್ಕೆಟ್ಟಿನ ವಾಸನೆ ಇಲ್ಲದ ದಾರಿ ಸಿಕ್ಕಿತು, ಎಂಆರ್‌ಟಿ ರೈಲು ಇಳಿದ ಮೇಲೆ ಇನ್ನೊಂದು ಪುಟ್ಟ ರೈಲು ಹತ್ತುವ ಅಭ್ಯಾಸವಾಯಿತು. ಆದರೆ ಮೂರನೇ ಕ್ಲಾಸಿನ ನಮ್ಮ ಮಗಳು ಮಾನ್ಯಳಿಗೆ ಅದು ಊರನ್ನೇ ಬಿಟ್ಟ ಹಾಗಾಗಿತ್ತು. ಬೆಡೋಕಿನ ಕಾರಿಡಾರಿನಲ್ಲಿ ಅವಳು ಅಂಬೆಗಾಲಿಟ್ಟಿದ್ದಳು. ಅಲ್ಲಿ ಪ್ರತಿ ಬಾಗಿಲಿನ ಚಪ್ಪಲಿಯೂ ಅವಳಿಗೆ ಗೊತ್ತಿತ್ತು. ಇಲ್ಲಿ ಸಂಜೆಯಾದರೆ ಕಾರಿಡಾರಿನ ಕಟ್ಟೆಗೆ ಗದ್ದ ಊರಿ ಕೆಳಗಿನ ಪ್ಲೇಗ್ರೌಂಡನ್ನು ನೋಡುತ್ತ ನಿಲ್ಲುತ್ತಿದ್ದಳು. ಕೆಳಗೆ ಐದಾರು ಹುಡುಗಿಯರ ಒಂದು ಗುಂಪು, ಜಾರುಬಂಡೆಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುವುದೇ ಅವರ ಆಟ.

‘ಹೋಗಿ ಆಡ್ಕೋ ಹೋಗಮ್ಮ’ ಎಂದರೆ, ‘ಬೇಡಪ್ಪ. ಐ ಆಮ್ ಓಕೆ ಲಾ’ ಎನ್ನುತ್ತಿದ್ದಳು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಅಂಟಿಸಿ. ಓಕೆ ಆಗಿದ್ದವರು ಹಾಗೆ ಗದ್ದ ಊರಿಕೊಂಡು ನಿಲ್ಲುವುದಿಲ್ಲ ಎನ್ನುವುದು ಅಪ್ಪನಾದವನಿಗೆ ಗೊತ್ತಾಗುತ್ತದೆ. ಏನು ಮಾಡಬೇಕೆಂಬುದು ಮಾತ್ರ ಗೊತ್ತಾಗುವುದಿಲ್ಲ. ನಾನು ಒಂದೆರಡು ಸಲ ಕಸ ಹಾಕುವ ನೆಪದಲ್ಲಿ ಅವಳನ್ನೂ ಕರೆದುಕೊಂಡು ಕೆಳಗೆ ಹೋಗಿ, ಪ್ಲೇಗ್ರೌಂಡಿನ ಪಕ್ಕ ಸುಮ್ಮನೆ ಸುಳಿದಾಡಿದ್ದುಂಟು. ಮೂರನೆಯ ಸಲ ಅವಳೇ, ‘ಅಪ್ಪ, ಕಸ ಹಾಕೋಕೆ ನಮ್ಮ ಫ್ಲೋರಲ್ಲೇ ಚ್ಯೂಟ್ ಇದೆ’ ಎಂದಳು. ಇದ್ದದ್ದು ನಿಜ, ಕಸವನ್ನು ಕೆಳಕ್ಕೆ ಜಾರಿಸುವ ಆ ಕೊಳವೆ ಲಿಫ್ಟಿನ ಪಕ್ಕದಲ್ಲೇ ಇತ್ತು.

ಹೀಗಿರುವಾಗ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದವಳೇ ಶೂ ಬಿಚ್ಚದೆ ಒಳಗೆ ಓಡಿಬಂದಳು. ಲಿಫ್ಟಿನಲ್ಲಿ ಶಿನ್ ಯೀ ಮಾತಾಡಿಸಿದಳಂತೆ. ಶಿನ್ ಯೀ ಎಂದರೆ ಆ ಗುಂಪಿನ ನಾಯಕಿ, ನಮಗಿಂತ ಮೇಲಿನ ಮಹಡಿಯವಳು, ಜಾರುಬಂಡೆಯನ್ನು ಕೈ ಬಿಟ್ಟು ಹತ್ತುವವಳು.

‘ಅಪ್ಪ, ಹ್ಯಾಲೊವೀನ್‌ಗೆ ಅವರೆಲ್ಲ ಬ್ಲಾಕ್ ಪೂರ್ತಿ ಡೋರ್ ಟು ಡೋರ್ ಹೋಗ್ತಾರಂತೆ. ನೀನೂ ಬರಬಹುದು ಅಂದಳು. ಬಟ್ ರೂಲ್ ಇದೆ. ಕಾಸ್ಟ್ಯೂಮ್ ಮನೇಲೇ ಮಾಡಿರ್ಬೇಕು. ಶಾಪಿಂದ ತಗೊಂಡ್ರೆ ನಾಟ್ ಅಲೌಡ್.’

ಹ್ಯಾಲೊವೀನ್ ಎಂದರೆ ಅಕ್ಟೋಬರಿನ ಕೊನೆಯ ಸಂಜೆ ಮಕ್ಕಳು ಹೆದರಿಸುವ ವೇಷ ಹಾಕಿ ಮನೆಮನೆಯಲ್ಲಿ ಸಿಹಿ ಕೇಳುವ ಹಬ್ಬ. ಹಿಂದಿನ ವರ್ಷ ಇಬ್ಬರು ಒಂದೇ ಅಂಗಡಿಯ ಒಂದೇ ಮಾಟಗಾತಿಯ ಉಡುಪು ಹಾಕಿಕೊಂಡು ಬಂದು, ಅಸಲಿ ಯಾರು ಎಂದು ಜಗಳವಾಗಿ, ಒಬ್ಬಳು ಅತ್ತು ಮನೆಗೆ ಹೋಗಿದ್ದಳಂತೆ. ಆಮೇಲೆ ಬಂದ ಕಾನೂನು ಇದು.

ಸುಧಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಆ ತಿಂಗಳು ಅವಳು ಮನೆಗೆ ಬರುತ್ತಿದ್ದದ್ದೇ ಊಟಕ್ಕೆ. ನಾನು ಹೆಚ್ಚಿನ ದಿನ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವನು. ಹಾಗಾಗಿ ‘ನಾನು ಮಾಡ್ತೀನಿ ಬಿಡು’ ಎಂದುಬಿಟ್ಟೆ. ಇಬ್ಬರೂ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಹೊಲಿಗೆ ವಿದ್ಯೆ ಅಂಗಿಯ ಗುಂಡಿಯ ಆಚೆಗೆ ಹೋಗಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಕನ್ನಡಕ ತೆಗೆಯಬೇಕು, ಬಿದ್ದ ಸೂಜಿ ಹುಡುಕಲು ಹಾಕಿಕೊಳ್ಳಬೇಕು, ಹಾಕಿಕೊಳ್ಳಲು ಮೊದಲು ಅದನ್ನು ಎಲ್ಲಿಟ್ಟೆ ಎಂದು ಹುಡುಕಬೇಕು. ಇಂಥವನು ಮಗಳ ಮಾನ ಕಾಪಾಡುವ ಉಡುಪು ಮಾಡಲು ಹೊರಟಿದ್ದೆ.

ಯಾವ ವೇಷ ಎನ್ನುವುದೇ ಮೊದಲ ಚರ್ಚೆಯಾಯಿತು. ಸುಧಾ ಉಡುಪಿಯವಳು. ವೇಷ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವಳ ಬೆನ್ನು ನೆಟ್ಟಗಾಗುತ್ತದೆ.

‘ಹುಲಿವೇಷ ಹಾಕ್ಸಿ. ನಮ್ಮೂರಲ್ಲಿ ಅಷ್ಟಮಿಗೆ ಹುಲಿ ಬಂತು ಅಂದ್ರೆ ನಾವು ಅಜ್ಜಿ ಸೆರಗಿನ ಹಿಂದೆ. ಅದರ ಮುಂದೆ ಈ ಮಾಟಗಾತಿ ಎಲ್ಲ ಏನು!’

‘ಅಮ್ಮ, ಟೈಗರ್ ಸ್ಕೇರಿ ಅಲ್ಲ’ ಎಂದಳು ಮಾನ್ಯ. ‘ಟೈಗರ್ ಈಸ್ ಎಂಡೇಂಜರ್ಡ್. ಪಾಪ ಅಲ್ವಾ?’

ಹುಲಿ ಅಲ್ಲಿಗೆ ಕಾಡು ಸೇರಿತು. ನಾನು ಸುಲಭದ ದಾರಿ ಹಿಡಿದು, ನನ್ನ ಬಿಳಿ ಪಂಚೆಯನ್ನು ಅವಳ ತಲೆಯಿಂದ ಇಳಿಬಿಟ್ಟು ದೆವ್ವ ಮಾಡಿದೆ. ಪಂಚೆಗೆ ಜರಿ ಅಂಚಿತ್ತು. ಕನ್ನಡಿಯಲ್ಲಿ ನೋಡಿಕೊಂಡ ದೆವ್ವ, ‘ಅಪ್ಪ, ಮದುವೆಗೆ ಹೊರಟಿರೋ ತರ ಇದೀನಿ’ ಎಂದಿತು. ಆದರೂ ಒಂದು ಸಲ ನಡೆದು ನೋಡು ಎಂದು ಕಾರಿಡಾರಿಗೆ ಕಳಿಸಿದೆ. ಪಕ್ಕದ ಮನೆಯ ಲಿಮ್ ಆಂಟಿ ಗಿಡಕ್ಕೆ ನೀರು ಹಾಕುತ್ತಿದ್ದವರು ಬೆಚ್ಚಿಬಿದ್ದು ಚೆಂಬನ್ನೇ ಕೆಳಗಿಟ್ಟರು.

‘ಅಯ್ಯೋ, ಬಾಯ್! ಮನೆ ಬಾಗಿಲಲ್ಲಿ ಮಗು ಮೈತುಂಬ ಬಿಳಿ ಹಾಕಬಾರದು. ಪಾಂಟಾಂಗ್ ಲಾ!’ ಎಂದು ಇಂಗ್ಲಿಷಿನಲ್ಲಿ ಗದರಿದರು. ಪಾಂಟಾಂಗ್ ಎಂದರೆ ಇಲ್ಲಿ ಅಶುಭ, ಮಾಡಬಾರದ್ದು. ನಾನು ಐವತ್ತರ ಹತ್ತಿರ ಬಂದವನು. ಅವರ ಪಾಲಿಗೆ ಇನ್ನೂ ‘ಬಾಯ್’. ಬಿಳಿ ಬಟ್ಟೆಯ ವಿಷಯದಲ್ಲಿ ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದರು ಎನ್ನಿಸಿ, ತೆಪ್ಪಗೆ ಪಂಚೆ ಮಡಿಸಿಟ್ಟೆ.

ಕೊನೆಗೆ ದಾರಿ ತೋರಿಸಿದ್ದು ಮಾನ್ಯಳೇ. ಹಿಂದಿನ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಸುಧಾಳ ಅಣ್ಣ ಮನೆ ಕಟ್ಟಿಸುತ್ತಿದ್ದ. ಅರ್ಧ ಎದ್ದ ಗೋಡೆಯ ಮೇಲೆ ಒಂದು ದೃಷ್ಟಿಬೊಂಬೆ ಕಟ್ಟಿತ್ತು. ಗುಡ್ಡೆ ಕಣ್ಣು, ಗಿರಿಜಾ ಮೀಸೆ, ಎದೆಯವರೆಗೆ ಇಳಿಬಿದ್ದ ಕೆಂಪು ನಾಲಿಗೆ. ಮಾನ್ಯ ಮೊದಲ ದಿನ ಅದನ್ನು ನೋಡಿ ಕಾರಿನಿಂದ ಇಳಿಯಲಿಲ್ಲ. ಎರಡನೆಯ ದಿನ ಇಳಿದಳು. ಹೊರಡುವ ಹೊತ್ತಿಗೆ ಅದಕ್ಕೆ ಟಾಟಾ ಮಾಡುವಷ್ಟು ಸಲಿಗೆಯಾಗಿತ್ತು.

‘ಮಾವನ ಮನೆ ಮೇಲಿದ್ನಲ್ಲ, ಅವನು ಆಗ್ತೀನಿ’ ಎಂದಳು. ‘ಅವನು ಯಾರ ಹತ್ರಾನೂ ಇರಲ್ಲ.’

ಯಾರ ಹತ್ತಿರವೂ ಇರಲಿಕ್ಕಿಲ್ಲ, ಒಪ್ಪಿದೆ. ಆದರೆ ಮುಖವಾಡ ಮಾಡುವುದು ಹೇಗೆ?

ಇಲ್ಲಿ ನಮ್ಮ ಅರಸೀಕೆರೆಯ ಅಜ್ಜಿಯನ್ನು ಸ್ವಲ್ಪ ಕರೆತರಬೇಕು. ಅಜ್ಜಿ ಬೇಸಿಗೆಯಲ್ಲಿ ಕಾಗದದ ಬುಟ್ಟಿ ಮಾಡುತ್ತಿದ್ದರು. ವರ್ಷವಿಡೀ ಕೂಡಿಟ್ಟ ಪೇಪರು, ಮದುವೆ ಕರೆಯೋಲೆ, ನಮ್ಮ ಪರೀಕ್ಷೆಯ ಉತ್ತರಪತ್ರಿಕೆ, ಎಲ್ಲವನ್ನೂ ಹಂಡೆಯಲ್ಲಿ ನೆನೆಹಾಕಿ, ಒಂದು ಹಿಡಿ ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಿ, ಆ ಮುದ್ದೆಯನ್ನು ತಪ್ಪಲೆಯ ಬೆನ್ನಿಗೆ ತಟ್ಟಿ ಒಣಗಿಸಿದರೆ ಬುಟ್ಟಿ. ಮೆಂತ್ಯದ ಲೋಳೆಯೇ ಅಂಟು. ಅದರ ಕಹಿಗೆ ಹುಳ ಹತ್ತುವುದಿಲ್ಲ. ನಾನು ಗಣಿತದಲ್ಲಿ ಕಳೆದುಕೊಂಡ ಅಂಕಗಳೆಲ್ಲ ಹೀಗೆ ಬುಟ್ಟಿಯಾಗಿ, ವರ್ಷಗಟ್ಟಲೆ ನಮ್ಮ ಮನೆಯ ಕಡಲೆಕಾಯಿ, ಒಣಮೆಣಸಿನಕಾಯಿಗಳನ್ನು ಹೊತ್ತವು. ಲೆಕ್ಕದಲ್ಲಿ ತಪ್ಪಿದ್ದು ಬಾಳಿಕೆಯಲ್ಲಿ ಸರಿಹೋಯಿತು ಎಂದು ನಾನು ಇಂದಿಗೂ ಸಮಾಧಾನ ಮಾಡಿಕೊಳ್ಳುತ್ತೇನೆ. ಬುಟ್ಟಿ ಆಗುವುದಾದರೆ ಮುಖ ಆಗುವುದಿಲ್ಲವೇ? ಮುಖವೂ ಒಂದು ಬುಟ್ಟಿಯೇ, ಕಣ್ಣಿಗೆ ತೂತು ಬಿಟ್ಟರಾಯಿತು.

ಮೊದಲ ತೊಡಕು, ನಮ್ಮ ಮನೆಯಲ್ಲಿ ಪೇಪರೇ ಇಲ್ಲ. ಸುದ್ದಿಯೆಲ್ಲ ಫೋನಿನಲ್ಲಿ. ಸೂಪರ್‌ಮಾರ್ಕೆಟ್ಟಿನವರು ಬಾಗಿಲಿಗೆ ಸಿಕ್ಕಿಸಿಹೋಗುವ ನುಣುಪು ಕಾಗದವನ್ನು ಎರಡು ದಿನ ನೆನೆಹಾಕಿದೆ. ಅದರ ಮೇಲಿನ ಕೋಳಿಯ ಚಿತ್ರ ಕೂಡ ಮಾಸಲಿಲ್ಲ. ಮತ್ತೆ ಲಿಮ್ ಆಂಟಿಯ ಬಾಗಿಲು ತಟ್ಟಿದೆ. ಹಳೆ ಪೇಪರು ಕೊಳ್ಳಲು ಬ್ಲಾಕಿಗೆ ಬರುವ ಗಾಡಿಯವನಿಗೆಂದು ಅವರು ಚೀನೀ ಪೇಪರಿನ ಕಟ್ಟು ಕಟ್ಟಿಟ್ಟಿದ್ದರು.

‘ಯಾತಕ್ಕೆ?’

‘ಮುಖ ಮಾಡಲಿಕ್ಕೆ ಆಂಟಿ.’

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಬಿಳಿ ಅಲ್ಲ ತಾನೇ?’ ಎಂದು ಖಾತ್ರಿ ಮಾಡಿಕೊಂಡು ಇಡೀ ಕಟ್ಟನ್ನೇ ಕೊಟ್ಟರು.

ಸುಧಾ ಆಫೀಸಿಗೆ ಹೋದ ದಿನ ನೋಡಿ ಮಿಕ್ಸಿ ತೆಗೆದೆ. ನೆನೆದ ಪೇಪರು, ನೆನೆದ ಮೆಂತ್ಯ, ನಡುವಿನ ಜಾರ್. ಮಿಕ್ಸಿ ಮೊದಲು ಗುರ್ ಎಂದಿತು, ಆಮೇಲೆ ಕೆಮ್ಮಿತು, ಆಮೇಲೆ ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ಆರಲು ಬಿಟ್ಟು ಮತ್ತೆ ತಿರುಗಿಸಿದೆ. ಸ್ವಲ್ಪ ಸ್ವಲ್ಪವಾಗಿ, ಬೂದು ಬಣ್ಣದ ಉಪ್ಪಿಟ್ಟಿನಂಥ ಒಂದು ಮುದ್ದೆ ತಯಾರಾಯಿತು. ಅಚ್ಚಿಗೆ ಏನು? ತಪ್ಪಲೆಯ ಬೆನ್ನು ಮಾನ್ಯಳ ಮುಖಕ್ಕೆ ಅಗಲ ಸಾಲದು, ದೃಷ್ಟಿಬೊಂಬೆ ಎಂದರೆ ಕೆನ್ನೆ ಉಬ್ಬಿರಬೇಕು. ದೀಪಾವಳಿಯ ಚಕ್ಕುಲಿಗೆಂದು ಸುಧಾ ಅಟ್ಟದಿಂದ ಇಳಿಸಿಟ್ಟ ದೊಡ್ಡ ಬಾಣಲೆ ಕಣ್ಣಿಗೆ ಬಿತ್ತು. ಅದರ ಒಳಹೊಟ್ಟೆಗೆ ಮುದ್ದೆಯನ್ನು ತಟ್ಟಿದೆ. ಮೂಗಿಗೆ ಒಂದು ಗುಳಿ ಬಿಟ್ಟೆ, ಹುಬ್ಬು ಏರಿಸಿದೆ. ಅಜ್ಜಿ ನೋಡಿದ್ದರೆ ಮೆಚ್ಚುತ್ತಿದ್ದರು ಎಂದುಕೊಂಡು ಫ್ಯಾನಿನ ಕೆಳಗಿಟ್ಟು ಕಾಯುತ್ತ ಕೂತೆ.

ಅರಸೀಕೆರೆಯ ಬಿಸಿಲೇ ಬೇರೆ, ಸಿಂಗಪುರದ ಹವೆಯೇ ಬೇರೆ. ಇಲ್ಲಿ ಟವೆಲ್ಲೇ ಒಣಗಲು ಹಟ ಮಾಡುತ್ತದೆ. ದಿನಗಳು ಕಳೆದರೂ ಮುಖ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಾಗಿಯೇ ಇತ್ತು. ಮಾನ್ಯ ದಿನಾ ಸ್ಕೂಲಿನಿಂದ ಬಂದು ಬೆರಳಿನಿಂದ ಒತ್ತಿ ನೋಡಿ, ‘ಸ್ಟಿಲ್ ವೆಟ್’ ಎಂದು ವರದಿ ಒಪ್ಪಿಸುತ್ತಿದ್ದಳು. ದಿನ ಹತ್ತಿರವಾದಂತೆ ಆ ಧ್ವನಿ ಸಣ್ಣದಾಗುತ್ತ ಬಂತು. ಒಂದು ದಿನ, ‘ಅಪ್ಪ, ಆಗದಿದ್ರೆ ಪರವಾಗಿಲ್ಲ. ನಾನು ಹೋಗಲ್ಲ ಅಂತ ಹೇಳ್ತೀನಿ’ ಎಂದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಂದೇ ಮುಖವನ್ನು ಎಬ್ಬಿಸಲು ನೋಡಿದೆ. ಜಗ್ಗಿದೆ. ಬೆಣ್ಣೆ ಚಾಕು ತೂರಿಸಿದೆ. ಮುಖ ಬಾಣಲೆಗೆ ಕಚ್ಚಿಕೊಂಡಿತ್ತು, ಎರಡೂ ಒಂದೇ ದೇಹ ಎಂಬಂತೆ. ಹಾಸನದಲ್ಲಿರುವ ನನ್ನ ದೊಡ್ಡಕ್ಕ ಗಿರಿಜಕ್ಕನಿಗೆ ಫೋನು ಮಾಡದೆ ಬೇರೆ ದಾರಿ ಇರಲಿಲ್ಲ.

‘ಅಕ್ಕ, ಅಜ್ಜಿ ಬುಟ್ಟಿ ತಟ್ತಿದ್ರಲ್ಲ, ತಪ್ಪಲೆಯಿಂದ ಹೆಂಗೆ ಬಿಡಿಸ್ತಿದ್ರು?’

‘ಒದ್ದೆ ಬಟ್ಟೆ ಹೊದಿಸ್ತಿದ್ರಲ್ಲೋ ಮೊದಲು. ಅದರ ಮೇಲೆ ತಟ್ಟೋದು. ಬಟ್ಟೆ ಎಳೆದ್ರೆ ಬಂತು.’

ನಾನು ಬಾಣಲೆಯ ಅಂಚನ್ನು ಉಗುರಿನಿಂದ ಕೆರೆದೆ.

‘ಬಟ್ಟೆ ಹಾಕ್ಲಿಲ್ವೇನೋ?’

‘ಇಲ್ಲ.’

‘ಅಜ್ಜಿ ಎದುರಿಗೇ ಕೂತಿರ್ತಿದ್ದೆ ಕಣೋ ನೀನು! ನೋಡ್ತಾನೇ ಇದ್ದೆ!’

‘ಕಡ್ಲೆಕಾಯಿ ತಿಂತಾ ಇದ್ದೆ ಅಕ್ಕ. ಬಟ್ಟೆ ಹಾಕೋ ಹೊತ್ತಿಗೆ ಸಿಪ್ಪೆ ಬಿಸಾಕೋಕೆ ಎದ್ದಿರ್ಬೇಕು.’

ಅಕ್ಕ ಬಿದ್ದು ಬಿದ್ದು ನಕ್ಕಳು. ಅವಳ ಹಿಂದೆ ಭಾವನೂ ‘ಏನಂತೆ, ಏನಂತೆ?’ ಎಂದು ಕೇಳಿ ನಗುವುದು ಕೇಳಿಸಿತು. ನಗು ನಿಂತ ಮೇಲೆ ಅಕ್ಕ ಅಡುಗೆಯವಳ ಗಂಭೀರ ಧ್ವನಿಗೆ ಬಂದಳು. ‘ಬಾಣಲೆ ಒಲೆ ಮೇಲಿಡು. ಸಣ್ಣ ಉರಿ. ಸುತ್ತ ಎಣ್ಣೆ ಬಿಡು. ಅಂಚು ಏಳೋ ತನಕ ಕೈ ಹಾಕ್ಬೇಡ.’

‘ದೋಸೆ ತರಾನಾ?’

‘ದೋಸೆ ತರಾನೇ. ಅದೂ ಮೆಂತ್ಯ ಹಾಕಿದ್ದೇ ತಾನೇ.’

ಹೀಗೆ ನಾನು ಸೆಂಗ್‌ಕಾಂಗಿನ ಒಂದು ಅಡುಗೆಮನೆಯಲ್ಲಿ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಚೀನೀ ಪೇಪರಿನ ಮುಖಕ್ಕೆ ಸುತ್ತ ಎಣ್ಣೆ ಬಿಟ್ಟು ಬೇಯಿಸಿದೆ. ಮೆಂತ್ಯ ಹುರಿದ ಘಮ ಮನೆಯನ್ನೆಲ್ಲ ತುಂಬಿ ಕಾರಿಡಾರಿಗೂ ಹೋಯಿತು. ಹಬೆ ಎದ್ದಿತು, ಅಂಚು ಕೆಂಪಾಯಿತು. ದೋಸೆ ಮಗುಚುವ ಕೈಯನ್ನು ಮೆಲ್ಲಗೆ ಅಡಿಗೆ ತಳ್ಳಿದೆ. ‘ಕೇರ್‌ಫುಲ್ ಅಪ್ಪ, ಮೂಗು, ಮೂಗು!’ ಎಂದು ಮಾನ್ಯ ಕುಣಿಯುತ್ತಿದ್ದಳು. ಮೂಗು ಬಂತು. ಹಣೆ ಬಂತು. ಗದ್ದ ಬಂತು. ಎಡಗೆನ್ನೆಯ ಒಂದು ತುಣುಕು ಮಾತ್ರ ಬಾಣಲೆಯಲ್ಲೇ ಉಳಿಯಿತು. ಮೊದಲ ದೋಸೆ ಯಾವಾಗ ಪೂರ್ತಿ ಎದ್ದಿದೆ, ನೀವೇ ಹೇಳಿ.

ಸಂಜೆ ಬಂದ ಸುಧಾ ಬಾಗಿಲಲ್ಲೇ ಮೂಗರಳಿಸಿ, ‘ಮೆಂತ್ಯದ ದೋಸೆನಾ?’ ಎಂದು ಖುಷಿಯಿಂದ ಒಳಗೆ ಬಂದಳು. ಆಮೇಲೆ ನಡೆದದ್ದನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ.

‘ರೀ, ಮಿಕ್ಸಿಲಿ ಪೇಪರ್ ರುಬ್ಬಿದ್ರಾ?’

‘ನಡುವಿನ ಜಾರ್ ಮಾತ್ರ.’

‘ಈ ಬಾಣಲೇಲಿ ನಾನು ಚಕ್ಕುಲಿ ಕರೀಬೇಕಾ? ತಳದಲ್ಲಿ ಚೈನೀಸ್ ಅಕ್ಷರ ಕಾಣ್ತಿದೆ!’

‘ಉಜ್ಜಿದ್ರೆ ಹೋಗತ್ತೆ.’

‘ಉಜ್ಜಿ ಹಾಗಾದ್ರೆ.’

ನಾನು ಬಾಣಲೆ ಉಜ್ಜುತ್ತಿರುವಾಗ ಅವಳು ಮುಖವಾಡ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಬೈಯುವುದನ್ನು ಮಧ್ಯದಲ್ಲೇ ನಿಲ್ಲಿಸಿ, ‘ಹುಬ್ಬು ಚೆನ್ನಾಗಿ ಬಂದಿದೆ’ ಎಂದಳು. ಬಣ್ಣ ತಾನೇ ಬರೆಯುತ್ತೇನೆಂದು ಕೂತಳು. ‘ಕಣ್ಣು ಅಂದ್ರೆ ಹೀಗೆ ಬರೀ ಗುಂಡಗೆ ಬರೆಯೋದಲ್ಲ. ಕೆಂಪು ಸುತ್ತು, ಅದರ ಹೊರಗೆ ಕಪ್ಪು, ಅದರ ಹೊರಗೆ ಬಿಳಿ ಚುಕ್ಕೆ. ದೂರದಿಂದ ನೋಡಿದ್ರೂ ಗುರಾಯಿಸ್ಬೇಕು.’ ಕಿತ್ತುಹೋದ ಕೆನ್ನೆಗೆ ಹಿಂದಿನಿಂದ ರಟ್ಟು ಅಂಟಿಸಿ ಅದರ ಮೇಲೊಂದು ಗಾಯದ ಗುರುತು ಎಳೆದಳು. ನನ್ನ ತಪ್ಪು ಅವಳ ಕೈಯಲ್ಲಿ ರಾಕ್ಷಸನ ಪರಾಕ್ರಮವಾಯಿತು.

ಉಳಿದದ್ದು ಮೈಗೆ ಉಡುಪು. ಇಲ್ಲಿನ ಹೊಸ ಫ್ಲ್ಯಾಟುಗಳಲ್ಲಿ ಯುದ್ಧಕಾಲಕ್ಕೆಂದು ದಪ್ಪ ಗೋಡೆಯ ಒಂದು ಕೋಣೆ ಕಟ್ಟಿಕೊಡುತ್ತಾರೆ. ಬಾಂಬು ಬಿದ್ದರೆ ನಾವು ಅದರೊಳಗೆ ಹೋಗಿ ಕೂರಬೇಕು. ನಮ್ಮ ಮನೆಯಲ್ಲಿ ಆ ಜಾಗವನ್ನು ಅಕ್ಕಿ ಮೂಟೆ, ಸೂಟ್‌ಕೇಸು ಮತ್ತು ಸುಧಾಳಿಗೆ ಅರಿಸಿನ ಕುಂಕುಮದಲ್ಲಿ ಬಂದ ಬ್ಲೌಸ್ ಪೀಸುಗಳು ಮೊದಲೇ ಆಕ್ರಮಿಸಿಕೊಂಡಿವೆ. ಯಾರೂ ಹೊಲಿಸುವುದಿಲ್ಲ, ಯಾರೂ ಎಸೆಯುವುದಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇರುತ್ತವೆ. ನಮ್ಮದೇ ಒಂದು ಹಸಿರು ರವಿಕೆ ಕಣ ಊರೆಲ್ಲ ಸುತ್ತಿ ಮತ್ತೆ ನಮ್ಮ ಮನೆಗೇ ಬಂದದ್ದುಂಟು. ಅವನ್ನೆಲ್ಲ ಜೋಡಿಸಿ ಒಂದು ಮೇಲಂಗಿ ಹೊಲಿಯುವುದೆಂದು ತೀರ್ಮಾನವಾಯಿತು. ಹಳದಿಗೆ ನೇರಳೆ, ನೇರಳೆಗೆ ಗಿಳಿಹಸಿರು. ಎಲ್ಲವನ್ನೂ ತೊಡೆಯ ಮೇಲೆ ಹರಡಿಕೊಂಡು ಕೈಯಲ್ಲೇ ಹೊಲಿದೆ. ಮುಗಿಯಿತೆಂದು ಹೆಮ್ಮೆಯಿಂದ ಎದ್ದು ನಿಂತರೆ ಮೇಲಂಗಿಯ ಜೊತೆ ನನ್ನ ಲುಂಗಿಯೂ ಎದ್ದಿತು. ಮಾನ್ಯ ಕತ್ತರಿ ತರಲು ಓಡಿದಳು, ಸುಧಾ ಫೋನು ತರಲು ಓಡಿದಳು. ಆ ಫೋಟೋ ನಮ್ಮ ಮನೆತನದ ಎಲ್ಲ ಗ್ರೂಪುಗಳಲ್ಲೂ ಇದೆ.

ಹ್ಯಾಲೊವೀನ್ ದಿನ ಬಂತು. ಸಂಜೆ ಇನ್ನೂ ಬೆಳಕಿರುವಾಗಲೇ ಎಲ್ಲರೂ ನಮ್ಮ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ಹಜಾರದಂಥ ವಾಯ್ಡ್ ಡೆಕ್‌ನ ಕಲ್ಲು ಮೇಜಿನ ಹತ್ತಿರ ಸೇರಬೇಕು. ಬಾಗಿಲಿಗೆ ಕಿತ್ತಳೆ ಕಾಗದ ಅಂಟಿಸಿದ ಮನೆಗಳಿಗೆ ಮಾತ್ರ ಹೋಗಬೇಕು. ಶಿನ್ ಯೀಯ ಕಾಲೇಜು ಓದುವ ಅಕ್ಕ ಜೊತೆಗಿರುತ್ತಾಳೆ. ನಾನು ಮಾನ್ಯಳನ್ನು ಕರೆದುಕೊಂಡು ಇಳಿದೆ. ಲಿಫ್ಟಿನಲ್ಲಿ ಅವಳು ನನ್ನ ಬೆರಳು ಹಿಡಿದುಕೊಂಡಿದ್ದಳು. ಮುಖ ಕಾಣುತ್ತಿರಲಿಲ್ಲ. ಬೆರಳು ಮಾತ್ರ ಬೆವೆತಿತ್ತು.

ಅಲ್ಲಿ ಒಬ್ಬಳು ರಟ್ಟಿನ ಡಬ್ಬಿ ತೊಟ್ಟು ರೋಬೋ ಆಗಿದ್ದಳು, ಅವಳೇ ಶಿನ್ ಯೀ. ಒಬ್ಬಳು ಹರಿದ ಛತ್ರಿಯನ್ನು ರೆಕ್ಕೆ ಮಾಡಿಕೊಂಡ ಬಾವಲಿ. ಒಬ್ಬಳು ಟಾಯ್ಲೆಟ್ ಪೇಪರು ಸುತ್ತಿಕೊಂಡ ಈಜಿಪ್ಟಿನ ಮಮ್ಮಿ, ಅಷ್ಟರಲ್ಲೇ ಸೆಕೆಗೆ ಮೊಣಕಾಲಿನ ಹತ್ತಿರ ಕರಗುತ್ತಿದ್ದಳು. ಎಲ್ಲರೂ ನಮ್ಮ ದೃಷ್ಟಿಬೊಂಬೆಯನ್ನು ಸುತ್ತುವರಿದರು.

‘ವಾಟ್ ಆರ್ ಯು?’ ಎಂದಳು ಶಿನ್ ಯೀ.

ಮಾನ್ಯ ನನ್ನ ಕಡೆ ತಿರುಗಿದಳು. ಮೇಷ್ಟ್ರ ಮಗನಾದ ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ನಮ್ಮ ಕಡೆ ಮನೆ ಕಟ್ಟುವುದರಿಂದ ಹಿಡಿದು, ಕಂಡವರ ಕಣ್ಣು ಬೀಳುವುದು, ಅದರ ಪರಿಣಾಮ, ಬೂದುಗುಂಬಳಕಾಯಿಗೂ ಅವರ ಹ್ಯಾಲೊವೀನ್ ಕುಂಬಳಕಾಯಿಗೂ ಇರುವ ಸಂಬಂಧದವರೆಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಬಾವಲಿ ಆಕಳಿಸಿತು. ಮಮ್ಮಿ ಮಾತ್ರ ಹತ್ತಿರ ಬಂದು ಮೂಗು ಅರಳಿಸಿ, ‘ವೈ ಯುವರ್ ಫೇಸ್ ಸ್ಮೆಲ್ ಲೈಕ್ ಕರಿ?’ ಎಂದು ಕೇಳಿತು.

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆ ಮಗುವಿಗೆ ಆರು ವರ್ಷವೂ ಇದ್ದಿರಲಾರದು. ಆದರೆ ಎಲ್ಲರೂ ಮೂಸಿದರು, ಯಾರೋ ಕಿಸಕ್ಕೆಂದರು. ಮಾನ್ಯ ಮುಖವಾಡ ತೆಗೆದಳು. ಒಳಗಿನ ಮುಖ ಕೆಂಪಾಗಿತ್ತು. ‘ಅಪ್ಪ, ಮನೆಗೆ ಹೋಗೋಣ’ ಎಂದಳು ಕನ್ನಡದಲ್ಲಿ, ಮೆಲ್ಲಗೆ. ಮನೆಯ ಹೊರಗೆ ಅವಳು ಕನ್ನಡ ಮಾತಾಡುವುದು ಅಪರೂಪ. ಮೆಂತ್ಯದ ಬದಲು ಅಂಗಡಿಯ ಗೋಂದು ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು ಎಂದುಕೊಳ್ಳುತ್ತ ಅವಳ ಕೈ ಹಿಡಿದು ಲಿಫ್ಟಿನ ಕಡೆ ತಿರುಗಿದೆ.

‘ವೇಟ್, ವೇಟ್’ ಎಂದು ಹಿಂದಿನಿಂದ ರೋಬೋ ದಡಬಡ ಬಂತು. ಡಬ್ಬಿಯೊಳಗಿಂದ ಕೈ ಸರಿಯಾಗಿ ಹೊರಬರದೆ, ಗದ್ದದಿಂದಲೇ ಮಾನ್ಯಳ ಮುಖವಾಡ ತೋರಿಸಿ, ಕೊಡು ಎಂದಳು ಶಿನ್ ಯೀ. ಮಾನ್ಯ ಎತ್ತಿ ಹಿಡಿದಳು. ಶಿನ್ ಯೀ ಉದ್ದಕ್ಕೆ ಉಸಿರೆಳೆದು ಮೂಸಿ, ತೀರ್ಪು ಕೊಡುವವಳಂತೆ, ‘ದಿಸ್ ಒನ್ ನಾಟ್ ಬ್ಯಾಡ್ ಲಾ. ಮೈನ್ ವರ್ಸ್. ಯು ಸ್ಮೆಲ್’ ಎಂದು ಎದೆಯುಬ್ಬಿಸಿ ನಿಂತಳು.

ಮಾನ್ಯ ಬಗ್ಗಿ ಮೂಸಿದಳು, ಥಟ್ಟನೆ ಹಿಂದಕ್ಕೆ ಜಿಗಿದಳು. ‘ಡೂರಿಯನ್!’

ಅದು ಹಣ್ಣಿನಂಗಡಿಯಿಂದ ತಂದ ಡೂರಿಯನ್ ಹಣ್ಣಿನ ರಟ್ಟಿನ ಡಬ್ಬಿ. ಈ ಹಣ್ಣಿನ ವಾಸನೆ ಗೊತ್ತಿಲ್ಲದವರಿಗೆ ಹೇಗೆ ಹೇಳಲಿ? ಇಲ್ಲಿ ಅದನ್ನು ರೈಲಿನೊಳಗೆ ಒಯ್ಯಲು ಬಿಡುವುದಿಲ್ಲ ಎಂದರೆ ಸಾಕು. ಅಂಥದ್ದನ್ನು ತೊಟ್ಟು ಆ ಹುಡುಗಿ ಅರ್ಧ ಗಂಟೆಯಿಂದ ಬೆವರುತ್ತ ನಿಂತಿದ್ದಳು. ‘ಮೈ ಮದರ್ ಸೇ ಕೆನಾಟ್ ಕಮ್ ಇನ್‌ಸೈಡ್ ದಿ ಹೌಸ್’ ಎಂದಳು, ಹೆಮ್ಮೆಯಿಂದ.

ಆಮೇಲೆ ಅಲ್ಲಿ ನಡೆದದ್ದು ಹ್ಯಾಲೊವೀನ್ ಅಲ್ಲ. ಎಲ್ಲರೂ ಸಾಲಾಗಿ ಒಬ್ಬರನ್ನೊಬ್ಬರು ಮೂಸಿದರು. ಬಾವಲಿಯ ರೆಕ್ಕೆ ಅಜ್ಜಿಯ ಬೀರುವಿನ ನುಸಿಗುಳಿಗೆಯ ವಾಸನೆ. ಮಮ್ಮಿ ಲ್ಯಾವೆಂಡರ್, ಆದರೆ ತಾನು ಬಚ್ಚಲಿನ ವಾಸನೆ ಎಂದು ಅದೇ ಹಟ ಹಿಡಿಯಿತು. ಯಾರದು ಎಲ್ಲಕ್ಕಿಂತ ಕೆಟ್ಟದ್ದು ಎಂದು ವಾದ ಹುಟ್ಟಿತು. ಮಾನ್ಯ ತನ್ನದನ್ನು ಬಿಟ್ಟುಕೊಡಲಿಲ್ಲ. ‘ಮೈನ್ ಈಸ್ ಫ್ರೈಡ್, ಓಕೆ? ಮೈ ಫಾದರ್ ಫ್ರೈಡ್ ಇಟ್. ವಿತ್ ಆಯಿಲ್!’ ಎಂದು ಕೂಗಿದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಬಾವಲಿ ಆಕಳಿಸುವುದನ್ನು ನಿಲ್ಲಿಸಿತು.

ಗುಂಪು ಹೊರಟಿತು. ನಾನೂ ಹಿಂದೆಯೇ ಹೊರಟೆ. ಮೊದಲ ಮನೆಯ ಬಾಗಿಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ದೃಷ್ಟಿಬೊಂಬೆ ಹಿಂದೆ ಉಳಿದು, ನನ್ನ ಹತ್ತಿರ ಬಂದು, ಮೀಸೆಯ ಕೆಳಗಿನಿಂದ ಪಿಸುಗುಟ್ಟಿತು.

‘ಅಪ್ಪ, ಬೇರೆ ಯಾರ ಅಪ್ಪನೂ ಬಂದಿಲ್ಲ.’

‘ಹಾಗಾದ್ರೆ?’

‘ನೀವು ಮನೆಗೆ ಹೋಗಿ ಲಾ.’

ಲಿಫ್ಟಿನಲ್ಲಿ ಒಬ್ಬನೇ ಮೇಲೆ ಬಂದೆ. ಸಂತೋಷ ಆಗಬೇಕಿತ್ತು, ಆಯಿತು ಕೂಡ. ಆದರೂ ಕೈಗೆ ಏನೋ ಕಡಿಮೆಯಾದ ಹಾಗಿತ್ತು. ಬಾಗಿಲು ತೆಗೆದ ಸುಧಾ ನನ್ನ ಹಿಂದೆ ಇಣುಕಿ ನೋಡಿ, ‘ಅವಳೆಲ್ಲಿ?’ ಎಂದಳು. ‘ನನ್ನನ್ನ ಕಳಿಸಿಬಿಟ್ಟಳು’ ಎಂದೆ. ಸುಧಾ ಮಕ್ಕಳಿಗೆಂದು ತಂದ ಚಾಕಲೇಟಿನ ಬೋಗುಣಿಯನ್ನು ನನ್ನ ಕೈಗೆ ಕೊಟ್ಟು ಬಾಗಿಲ ಹತ್ತಿರ ಕುರ್ಚಿ ಹಾಕಿದಳು.

ಕಾರಿಡಾರಿನ ಆ ತುದಿಯಿಂದ ಗಲಾಟೆ ಹತ್ತಿರವಾಗುತ್ತ ಬಂತು. ಪಕ್ಕದಲ್ಲಿ ಲಿಮ್ ಆಂಟಿ ‘ಅಯ್ಯೋ, ಸೋ ಅಗ್ಲಿ! ವೆರಿ ಗುಡ್, ವೆರಿ ಗುಡ್!’ ಎಂದು ಯಾರನ್ನೋ ಹೊಗಳುವುದು ಕೇಳಿಸಿತು. ಆಮೇಲೆ ನಮ್ಮ ಬೆಲ್ಲು.

‘ಟ್ರಿಕ್ ಆರ್ ಟ್ರೀಟ್, ಅಂಕಲ್!’

ಎಲ್ಲರೂ ಒಟ್ಟಿಗೆ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಮಧ್ಯದಲ್ಲಿ ನಿಂತಿದ್ದ ದೃಷ್ಟಿಬೊಂಬೆ. ತನ್ನದೇ ಮನೆಯ ಹೊಸಿಲಿನ ಆಚೆ, ಅಂಕಲ್ ಎಂದು, ನನ್ನನ್ನು ಜನ್ಮದಲ್ಲಿ ಕಂಡಿಲ್ಲದವಳ ಹಾಗೆ. ನನ್ನ ಹಿಂದೆ ಸುಧಾ ಬಾಯಿಗೆ ಸೆರಗು ಒತ್ತಿಕೊಂಡಳು.

ನಾನೂ ಗಂಭೀರವಾದೆ. ಒಬ್ಬೊಬ್ಬರಿಗೂ ಚಾಕಲೇಟು ಹಾಕುತ್ತ ಬಂದು ಬೊಂಬೆಯ ಎದುರು ನಿಂತೆ. ‘ಆ್ಯಂಡ್ ವಾಟ್ ಆರ್ ಯು, ಗರ್ಲ್?’

ಈ ಸಲ ಅವಳು ಯಾರ ಕಡೆಗೂ ತಿರುಗಲಿಲ್ಲ.

‘ಐ ಆಮ್ ದೃಷ್ಟಿಬೊಂಬೆ, ಅಂಕಲ್. ಐ ಸ್ಟ್ಯಾಂಡ್ ಔಟ್‌ಸೈಡ್ ದಿ ಹೌಸ್. ಜೆಲಸ್ ಪೀಪಲ್ ಕಮ್, ಐ ಲುಕ್ ಅಟ್ ದೆಮ್, ದೇ ಗೋ ಬ್ಯಾಕ್.’ ಒಂದು ಹೆಜ್ಜೆ ಮುಂದೆ ಬಂದು ನಮ್ಮ ಬಾಗಿಲನ್ನು ಮೇಲಿಂದ ಕೆಳಗೆ ಪರೀಕ್ಷಿಸಿ, ‘ಯುವರ್ ಹೌಸ್ ಗಾಟ್ ಆರ್ ನಾಟ್?’ ಎಂದಳು.

‘ನೋ’ ಎಂದೆ. ‘ಹ್ಯಾಡ್ ಒನ್. ಈಗ ಹೊರಗೆ ಹೋಗಿದೆ.’

‘ದೆನ್ ಮಸ್ಟ್ ಗಿವ್ ಎಕ್ಸ್‌ಟ್ರಾ ಲಾ, ಅಂಕಲ್’ ಎಂದಿತು ಬೊಂಬೆ. ಗುಂಪು ಹೋ ಎಂದಿತು. ನಾನು ಎಕ್ಸ್‌ಟ್ರಾ ಕೊಟ್ಟೆ, ಎಲ್ಲರಿಗೂ. ರೋಬೋ ಥ್ಯಾಂಕ್ಯೂ ಹೇಳಲು ಬಗ್ಗಿ ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆಯಿತು. ಮಮ್ಮಿಯ ಕೊನೆಯ ಸುತ್ತು ನಮ್ಮ ಚಪ್ಪಲಿ ಸ್ಟ್ಯಾಂಡಿಗೆ ಸಿಕ್ಕಿಕೊಂಡು ಉಳಿಯಿತು. ಡೂರಿಯನ್ನೂ ಮೆಂತ್ಯವೂ ಕಲೆತ ಒಂದು ವಾಸನೆಯನ್ನು ಎಳೆದುಕೊಂಡು ಎಲ್ಲರೂ ಮೆಟ್ಟಿಲ ಕಡೆ ಓಡಿದರು.

ನಾನು ಬಾಗಿಲಲ್ಲೇ ನಿಂತಿದ್ದೆ. ತಿರುವಿನಲ್ಲಿ ಒಂದು ಸಲವಾದರೂ ತಿರುಗಿ ನೋಡುತ್ತಾಳೇನೋ ಎಂದು. ಶಿನ್ ಯೀಯ ಡಬ್ಬಿಯ ತೋಳು ಹಿಡಿದುಕೊಂಡು ಏನೋ ಹೇಳುತ್ತ, ನಗುತ್ತ, ಬ್ಲೌಸ್ ಪೀಸಿನ ಮೇಲಂಗಿ ಹಾರಿಸಿಕೊಂಡು ಹೋದವಳು ತಿರುಗಲಿಲ್ಲ.

‘ಅಂಕಲ್’ ಎಂದಳು ಸುಧಾ ಹಿಂದಿನಿಂದ. ‘ಬಾಗಿಲು ಹಾಕಿ. ಸೊಳ್ಳೆ ಬರತ್ತೆ.’